ಇಬ್ಬರು ಓಟಗಾರರು, ಒಂದು ಬಟ್ಟಲು ಹರಳೆಣ್ಣೆ

ಮನೆ ಬಾಡಿಗೆಗೆ ಕೊಡುವವರು ಏನೇನೋ ಕೇಳುತ್ತಾರೆ. ಊರು ಯಾವುದು, ಕೆಲಸ ಯಾವುದು, ಮಾಂಸ ಬೇಯಿಸುತ್ತೀರಾ, ನೆಂಟರಿಷ್ಟರು ಬಂದು ಠಿಕಾಣಿ ಹೂಡುತ್ತಾರಾ ಎಂದೆಲ್ಲ ವಿಚಾರಿಸುತ್ತಾರೆ. ಆದರೆ ಕೇಳಲೇಬೇಕಾದ ಒಂದು ಪ್ರಶ್ನೆಯನ್ನು ಮಾತ್ರ ಯಾರೂ ಕೇಳುವುದಿಲ್ಲ: "ಅಪ್ಪಾ, ನೀವಿಬ್ಬರೂ ಒಂದೇ ಜಾಗದ ಮೇಲೆ ಕಣ್ಣಿಟ್ಟಿಲ್ಲ ತಾನೆ?" ನಾನೂ ಕೇಳಲಿಲ್ಲ. ಒಂದು ಒರೆಯಲ್ಲಿ ಎರಡು ಕತ್ತಿ ಇರಲಾರವು ಎಂಬ ಗಾದೆಯನ್ನು ಮೈಸೂರಿನಲ್ಲಿ ನಮ್ಮಜ್ಜಿಯ ಬಾಯಿಂದ ನೂರು ಸಲ ಕೇಳಿ ಬೆಳೆದವನು, ನ್ಯೂಜೆರ್ಸಿಯ ಹ್ಯಾರಿಸನ್‌ನಲ್ಲಿದ್ದ ನಮ್ಮ ಮನೆಯ ಮಹಡಿ ಕೋಣೆಗೆ ಎರಡು ಕತ್ತಿಗಳನ್ನು ಕೈಯಾರೆ ತಂದಿಟ್ಟುಕೊಂಡೆ. ಆಮೇಲೆ ಬಾಯಿ ಬಡಿದುಕೊಂಡೆ.

ಇದು ಎಪ್ಪತ್ತರ ದಶಕದ ಮಾತು. ತೊಗರಿಬೇಳೆ ಬೇಕೆಂದರೂ ನದಿ ದಾಟಿ ಮ್ಯಾನ್‌ಹ್ಯಾಟನ್‌ಗೆ ಹೋಗಬೇಕಾಗಿದ್ದ ಕಾಲ. ನಾನು ಹತ್ತಿರದ ಒಂದು ಚಿಕ್ಕ ಕಾಲೇಜಿನಲ್ಲಿ ಎಂಜಿನಿಯರಿಂಗ್ ಹುಡುಗರಿಗೆ ಪಾಠ ಹೇಳುತ್ತಿದ್ದೆ. ಮಹಡಿಗೆ ಬಂದವರು ಆ ಕಾಲೇಜಿನ ಇಬ್ಬರು ವಿದ್ಯಾರ್ಥಿಗಳು. ಪೆನ್ಸಿಲ್ವೇನಿಯಾ ಕಡೆಯ ಎಡ್ಡಿ, ಬಾಗಿಲಿನಷ್ಟು ಅಗಲ. ಪ್ಯಾಟರ್ಸನ್‌ನಿಂದ ಬಂದ ವಾಲ್ಟರ್, ಸ್ವಲ್ಪ ತೆಳ್ಳಗೆ, ಮಾತು ಕಡಿಮೆ. ಇಬ್ಬರೂ ಕಾಲೇಜಿನ ಫುಟ್‌ಬಾಲ್ ಟೀಮಿನವರು ಎಂದಾಗ ನನಗೆ ಖುಷಿಯೇ ಆಯಿತು. ಒಳ್ಳೆಯ ಸ್ನೇಹಿತರಾಗಿರುತ್ತಾರೆ ಅಂದುಕೊಂಡೆ. ಫುಟ್‌ಬಾಲ್ ಎಂದರೆ ಕಾಲಿನಲ್ಲಿ ಒದೆಯುವುದು ಎಂದು ತಿಳಿದಿದ್ದ ನನಗೆ, ಇಲ್ಲಿ ಅದನ್ನು ಬಗಲಲ್ಲಿ ಅವುಚಿಕೊಂಡು ಓಡುತ್ತಾರೆಂದೇ ಗೊತ್ತಿರಲಿಲ್ಲ. ಹಾಗೆ ಅವುಚಿಕೊಂಡು, ಎದುರಾಳಿಗಳ ನಡುವೆ ಗೂಳಿಯ ಹಾಗೆ ನುಗ್ಗುವವನಿಗೆ ರನ್ನಿಂಗ್ ಬ್ಯಾಕ್ ಎನ್ನುತ್ತಾರೆ. ನಮ್ಮ ಕಾಲೇಜಿನ ಕೋಚ್ ಒಂದು ಸಲಕ್ಕೆ ಅಂಥವನೊಬ್ಬನನ್ನೇ ಇಳಿಸುತ್ತಿದ್ದ. ನಮ್ಮ ಮಹಡಿಯಲ್ಲಿದ್ದ ಇಬ್ಬರೂ ರನ್ನಿಂಗ್ ಬ್ಯಾಕ್‌ಗಳು!

ಸೆಪ್ಟೆಂಬರಿನಲ್ಲಿ ಕೋಚ್ ಎಡ್ಡಿಯನ್ನು ಆರಿಸಿದ. ವಾಲ್ಟರನಿಗೆ ಬೆಂಚು. ಅಂದಿನಿಂದ ನಮ್ಮ ಮನೆಯಲ್ಲಿ ಅವರಿಬ್ಬರ ಮಾತು ನಿಂತಿತು. ನಿಂತರೆ ನಿಲ್ಲಲಿ, ಮನೆ ತಣ್ಣಗಿರುತ್ತದೆ ಎಂದುಕೊಂಡರೆ ಅದೂ ಇಲ್ಲ. ಅವರ ಮಾತೆಲ್ಲ ನನ್ನ ಮೂಲಕ ಹರಿಯತೊಡಗಿತು. "ಪ್ರೊಫೆಸರ್, ಆ ಮನುಷ್ಯನಿಗೆ ಅವನ ಒದ್ದೆ ಸಾಕ್ಸ್ ಹೀಟರಿನ ಮೇಲೆ ಹಾಕಬೇಡ ಅಂತ ಹೇಳಿ" ಎಂದು ಎಡ್ಡಿ ಹೇಳುವುದು, ಆ ಮನುಷ್ಯ ಅಲ್ಲೇ ಮೂರಡಿ ದೂರದಲ್ಲಿ ಹಾಲು ಕುಡಿಯುತ್ತ ನಿಂತಿರುವುದು! ನಾನು ತಿರುಗಿ ವಾಲ್ಟರನಿಗೆ ಅದನ್ನೇ ಹೇಳುವುದು. "ಅದು ನನ್ನ ಸಾಕ್ಸ್ ಅಲ್ಲ, ಅವನದೇ ಅಂತ ತಿಳಿಸಿ ಪ್ರೊಫೆಸರ್" ಎಂದು ಅವನು ಉತ್ತರ ಕೊಡುವುದು. ಕಾಲೇಜಿನಲ್ಲಿ ನಾಲ್ಕು ಕ್ಲಾಸು ಕಿರುಚಿ ಬಂದ ಗಂಟಲು ಮನೆಯಲ್ಲಿ ಅಂಚೆ ಪೇದೆಯ ಕೆಲಸಕ್ಕೆ ನಿಂತಿತು. ಒಂದು ಸಂಜೆ ತಾಳ್ಮೆಗೆಟ್ಟು, "ಆ ಸಾಕ್ಸು ನನ್ನವು, ಸಾಕಾ?" ಎಂದು ಕೂಗಿಯೇಬಿಟ್ಟೆ. ನಿಜವಾಗಿಯೂ ಅವು ನನ್ನವೇ ಆಗಿದ್ದವು.

ನನ್ನ ಹೆಂಡತಿ ರತ್ನಳಿಗೆ ಈ ಜಗಳದ ತಲೆಬುಡ ಗೊತ್ತಿರಲಿಲ್ಲ. ತಿಳಿಯಲಿ ಎಂದು ಒಂದು ಶನಿವಾರ ಪಂದ್ಯಕ್ಕೆ ಕರೆದುಕೊಂಡು ಹೋದೆ. ಹೋಗಬಾರದಿತ್ತು. ಅವಳು ಮೈದಾನದ ಕಡೆ ನೋಡಲೇ ಇಲ್ಲ, ಅದರ ಅಂಚಿನ ಬೆಂಚನ್ನೇ ನೋಡುತ್ತ ಕುಳಿತಳು.

"ರೀ, ಆ ಸಾಲಿನಲ್ಲಿ ಕೂತಿದಾರಲ್ಲ, ಅವರು ಯಾರು?"

"ಅವರೂ ಟೀಮಿನೋರೇ ಕಣೆ."

"ಮತ್ತೆ ಯಾಕೆ ಕೂತಿದಾರೆ?"

"ಕೋಚ್ ಕರೆದಾಗ ಹೋಗ್ತಾರೆ."

"ಕರೀದೇ ಇದ್ರೆ?"

"ಕೂತಿರ್ತಾರೆ."

ರತ್ನ ಸೆರಗು ಬಿಗಿದು ನನ್ನ ಕಡೆ ತಿರುಗಿದಳು. "ಅಂದ್ರೆ, ಕರೆಸಿ, ಬಟ್ಟೆ ಉಡಿಸಿ, ಸಾಲಾಗಿ ಕೂರಿಸಿ, ಒಬ್ಬನಿಗೆ ಮಾತ್ರ ಬಡಿಸಿ, ಪಕ್ಕದವನಿಗೆ ನೀನು ನೋಡ್ತಾ ಕೂತಿರು ಅನ್ನೋದಾ? ಇದು ಪಂಕ್ತಿಭೇದ ಅಲ್ವೇನ್ರೀ? ಊಟಕ್ಕೆ ಕೂತೋರಲ್ಲಿ ಭೇದ ಮಾಡಿದ್ರೆ ಯಾವ ನರಕ ಅಂತ ಗೊತ್ತಾ ನಿಮ್ಮ ಕೋಚ್‌ಗೆ?"

ಇದು ಊಟವಲ್ಲ ಮಾರಾಯ್ತಿ, ಆಟ ಎಂದೆ. ಹೊಟ್ಟೆ ಉರಿಯುವುದು ಎರಡರಲ್ಲೂ ಒಂದೇ ಎಂದಳು. ಅವಳ ತವರಿನಲ್ಲಿ ಒಂದು ಮದುವೆಯಲ್ಲಿ ಪಂಕ್ತಿಯ ಕೊನೆಯಲ್ಲಿ ಕೂತವರಿಗೆ ತುಪ್ಪ ಬರಲಿಲ್ಲವೆಂದು ಬೀಗರು ಎಲೆ ಬಿಟ್ಟೆದ್ದು ಹೋದ ಕಥೆಯನ್ನು ಮತ್ತೊಮ್ಮೆ ಹೇಳಿದಳು. ಅಷ್ಟರಲ್ಲಿ ಎಡ್ಡಿ ಏನೋ ದೊಡ್ಡ ಓಟ ಓಡಿ ಜನರೆಲ್ಲ ಎದ್ದು ಕುಣಿಯುತ್ತಿದ್ದರು. ನಾವು ಆ ಮದುವೆಮನೆಯಲ್ಲೇ ಇದ್ದೆವು.

ಅಂದಿನಿಂದ ಮನೆಯಲ್ಲಿ ರತ್ನಳ ಸಮತೆಯ ಆಡಳಿತ ಶುರುವಾಯಿತು. ಎಡ್ಡಿಗೆ ಒಂದು ಸೌಟು ಹುಳಿ ಬಿದ್ದರೆ ವಾಲ್ಟರನಿಗೂ ಒಂದು ಸೌಟು. ಎಡ್ಡಿ ಇನ್ನೊಂದು ಪೂರಿ ಎಂದರೆ ವಾಲ್ಟರ್ ಬೇಡವೆಂದರೂ ಅವನ ತಟ್ಟೆಗೊಂದು. ಅವರೂ ಕಡಿಮೆಯೇನಲ್ಲ, ಅವನು ತಿಂದಷ್ಟು ನಾನು ತಿನ್ನದಿದ್ದರೆ ಸೋತಂತೆ ಎಂದು ಹಟ ಹಿಡಿದು ಮುಕ್ಕುತ್ತಿದ್ದರು. ಈ ಪೈಪೋಟಿಯಲ್ಲಿ ಉಪ್ಪಿನಕಾಯಿಯನ್ನು ಪಲ್ಯದ ಹಾಗೆ ತಿಂದು ಇಬ್ಬರೂ ಸರಿಸಮನಾಗಿ ಕಣ್ಣೀರು ಹಾಕಿದ್ದೂ ಉಂಟು.

ಅಕ್ಟೋಬರ್ ಕೊನೆಯ ಹೊತ್ತಿಗೆ ವಾಲ್ಟರ್ ಒಂದು ಸಂಜೆ ಅಡುಗೆಮನೆಗೆ ಬಂದು, ರತ್ನಳ ಎದುರು ಸುಮ್ಮನೆ ಕುಳಿತ. ಇದು ಅವನ ಕೊನೆಯ ವರ್ಷ. ಅವನ ತಾಯಿ ಪ್ಯಾಟರ್ಸನ್‌ನಲ್ಲಿ ಲಾಂಡ್ರಿಯೊಂದರಲ್ಲಿ ಇಸ್ತ್ರಿ ಕೆಲಸ ಮಾಡುವಾಕೆ, ಶನಿವಾರವೂ ಕೆಲಸ. ಮಗ ಆಡುವುದನ್ನು ಆಕೆ ಕಾಲೇಜಿನಲ್ಲಿ ಒಮ್ಮೆಯೂ ನೋಡಿರಲಿಲ್ಲ. ಬರುವ ಶನಿವಾರ ನಮ್ಮ ಮೈದಾನದಲ್ಲಿ ನಡೆಯುವ ಕೊನೆಯ ಪಂದ್ಯ. ಬೇಡಿಕೊಂಡು ರಜೆ ಪಡೆದು, ಹೊಸ ಟೋಪಿ ಬೇರೆ ಕೊಂಡಿದ್ದಾಳೆ. "ಅಮ್ಮ ಬಂದು ನಾನು ಕೂತಿರೋದನ್ನ ನೋಡ್ತಾಳೆ, ಮಿಸೆಸ್ ರಾವ್. ಚೆನ್ನಾಗಿ ಕೂರ್ತೀನಿ ನಾನು. ಈ ವರ್ಷ ಒಳ್ಳೇ ಪ್ರಾಕ್ಟೀಸ್ ಆಗಿದೆ" ಎಂದು ನಗಲು ಹೋದ, ಆಗಲಿಲ್ಲ. ರತ್ನ ನನ್ನ ಕಡೆ ನೋಡಿದಳು. ಆ ನೋಟದ ಅರ್ಥ ಮದುವೆಯಾದ ಗಂಡಸರಿಗೆಲ್ಲ ಗೊತ್ತು. ಮರುದಿನ ನಾನು ಕೋಚ್‌ನ ಕೋಣೆಯ ಮುಂದೆ ನಿಂತಿದ್ದೆ.

ಕೋಚ್ ನನ್ನನ್ನು ಕೂರಿಸಿ ಕಾಫಿ ಕೊಟ್ಟ. ನಾನು ತಾಯಿ, ಟೋಪಿ, ಇಸ್ತ್ರಿ ಎಲ್ಲವನ್ನೂ ಹೇಳಿದೆ. ಮಾತಿನ ಭರದಲ್ಲಿ ಪಂಕ್ತಿಭೇದದ ವಿಷಯವನ್ನೂ ಇಂಗ್ಲಿಷಿನಲ್ಲಿ ವಿವರಿಸಲು ಹೊರಟು, ತುಪ್ಪದ ತನಕ ಬಂದು ನಿಂತೆ. ಅವನು ಎಲ್ಲ ಕೇಳಿ, "ಪ್ರೊಫೆಸರ್, ನಿಮ್ಮ ಪರೀಕ್ಷೆಯಲ್ಲಿ ಯಾರು ಪಾಸಾಗಬೇಕು ಅಂತ ನಾನು ಹೇಳ್ತೀನಾ? ಹುಡುಗ ಒಳ್ಳೆಯವನೇ. ಆದರೆ ಎಡ್ಡಿ ಚೆಂಡು ಕೈಬಿಟ್ಟರೆ ಮಾತ್ರ ಅವನಿಗೆ ಅವಕಾಶ. ಎಡ್ಡಿ ಈ ವರ್ಷ ಒಂದು ಸಲವೂ ಚೆಂಡು ಕೈಬಿಟ್ಟಿಲ್ಲ" ಎಂದ.

ಮನೆಗೆ ಬಂದು ಹೇಳಿದೆ. "ಥೂ, ಒಬ್ಬರ ಕೈಯಿಂದ ಜಾರ್ಲಿ ಅಂತ ಇನ್ನೊಬ್ಬರು ಕಾಯೋದಾ? ಇದೆಂಥ ಆಟ!" ಎಂದು ರತ್ನ ಹಬ್ಬದ ತಯಾರಿಗೆ ಎದ್ದುಹೋದಳು. ಏಕೆಂದರೆ ಆ ಶನಿವಾರವೇ ನರಕ ಚತುರ್ದಶಿ.

ಹಬ್ಬ ಎಂದರೆ ಎಣ್ಣೆಸ್ನಾನ. ಎಣ್ಣೆ ಎಂದರೆ ನಮ್ಮ ಮನೆಯಲ್ಲಿ ಹರಳೆಣ್ಣೆ. ಅಮೆರಿಕದಲ್ಲಿ ಹರಳೆಣ್ಣೆ ಸಿಗುವುದು ಔಷಧದಂಗಡಿಯಲ್ಲಿ, ಅಂಗೈಯಗಲದ ಸೀಸೆಗಳಲ್ಲಿ, ಅದೂ ಹೊಟ್ಟೆ ಕಟ್ಟಿದವರಿಗಾಗಿ. ರತ್ನಳ ಅಪ್ಪಣೆಯಂತೆ ನಾನು ಅಂಗಡಿಯಲ್ಲಿದ್ದಷ್ಟು ಸೀಸೆಗಳನ್ನೂ ಬಾಚಿ ತಂದು ಮುಂದಿಟ್ಟಾಗ, ಅಂಗಡಿಯ ಮುದುಕ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಎಷ್ಟು ದಿನದಿಂದ?" ಎಂದು ಮೆಲ್ಲಗೆ ಕೇಳಿದ. ಹಬ್ಬಕ್ಕೆ ಎಂದೆ. ಅವನ ಮುಖದಲ್ಲಿ ಕನಿಕರ ಇನ್ನೂ ಹೆಚ್ಚಾಯಿತು.

ಶನಿವಾರ ಬೆಳಗ್ಗೆ ನನಗೆ ಎಣ್ಣೆ ಒತ್ತಿದ ಮೇಲೆ ರತ್ನಳಿಗೆ ಮಹಡಿಯ ನೆನಪಾಯಿತು. ಹಬ್ಬದ ದಿನ ಮನೆಯಲ್ಲಿ ಇಬ್ಬರು ಎಣ್ಣೆ ಮುಟ್ಟದೆ ಇರುವುದುಂಟೇ? ಎಡ್ಡಿಯನ್ನು ಕರೆದಳು. ಅವನಿಗೆ ಭುಜ ನೋಯುತ್ತಿತ್ತಂತೆ. ಎಣ್ಣೆ ನೋವಿಗೆ ಒಳ್ಳೆಯದೆಂದು ಕೇಳಿದ್ದೇ ತಡ, ತೋಳಿನಿಂದ ಅಂಗೈವರೆಗೂ ತಿಕ್ಕಿಕೊಂಡು ಆಹಾ ಎಂದ. ನಾನು ಪೇಪರಿನ ಹಿಂದಿನಿಂದ, "ಸಾಕು ಬಿಡೆ, ಒಬ್ಬನಿಗೆ ಶಾಸ್ತ್ರ ಆಯ್ತಲ್ಲ" ಎಂದೆ. "ಒಬ್ಬನಿಗೆ ಹಚ್ಚಿ ಒಬ್ಬನಿಗೆ ಬಿಡೋದಾ? ನನ್ನ ಕೈಲಾಗಲ್ಲಪ್ಪ ಆ ಪಾಪ" ಎಂದು ವಾಲ್ಟರನನ್ನೂ ಕರೆದು ಕೂರಿಸಿದಳು. ಎಡ್ಡಿಗಿಂತ ಒಂದು ಹನಿಯೂ ಕಡಿಮೆಯಾಗಬಾರದೆಂದು ಅವನು ಬಟ್ಟಲನ್ನೇ ಬರಿದು ಮಾಡಿದ. ಆಮೇಲೆ ಗೊತ್ತಾಯಿತು, ಸೀಗೆಪುಡಿ ಮುಗಿದುಹೋಗಿದೆ. ಹರಳೆಣ್ಣೆಯ ಜಿಡ್ಡಿಗೆ ಸೀಗೆಪುಡಿಯೇ ಆಗಬೇಕು. ಆ ಶಾಂಪೂ ಸೋಪುಗಳೆಲ್ಲ ಅದರ ಮುಂದೆ ಯಾವ ಲೆಕ್ಕ? ಇಬ್ಬರೂ ಹೊಳೆಯುತ್ತ ಮೈದಾನಕ್ಕೆ ಹೊರಟರು. ಕ್ಲಾಸಿನಲ್ಲಿ ವಾರವಿಡೀ ಘರ್ಷಣೆಯ ಪಾಠ ಮಾಡಿದ್ದ ನಾನು ಪೇಪರ್ ಮಡಚಿ, "ಆಲ್ ದಿ ಬೆಸ್ಟ್" ಎಂದೆ.

ಪಂದ್ಯದಲ್ಲಿ ನನ್ನ ಒಂದು ಪಕ್ಕದಲ್ಲಿ ರತ್ನ, ಇನ್ನೊಂದು ಪಕ್ಕದಲ್ಲಿ ವಾಲ್ಟರನ ತಾಯಿ. ಪುಟ್ಟ ಹೆಂಗಸು, ಹಸಿರು ಟೋಪಿ, ಮಡಿಲಲ್ಲಿ ಬಿಗಿಯಾಗಿ ಹಿಡಿದ ಕೈಚೀಲ. "ಮೊದಲು ಯಾರು ಆಡ್ತಾರೆ, ಇವನನ್ನ ಎಷ್ಟು ಹೊತ್ತಿಗೆ ಬಿಡ್ತಾರೆ?" ಎಂದು ಅವರು ಕೇಳಿದರು. ಬಿಡ್ತಾರೆ, ಬಿಡ್ತಾರೆ ಎಂದೆ. ದೇವರಾಣೆ, ಆ ಕೋಚ್‌ನನ್ನು ಹಿಡಿದು ಚಚ್ಚಬೇಕೆನ್ನಿಸಿತು.

ಎಡ್ಡಿಗೆ ಚೆಂಡು ಸಿಕ್ಕಿತು. ಬಗಲಿಗೆ ಸೇರಿಸಿದ. ಎರಡು ಹೆಜ್ಜೆ ಓಡಿದ. ಚೆಂಡು ಸೋಪಿನ ಬಿಲ್ಲೆಯ ಹಾಗೆ ಅವನ ಬಗಲಿನಿಂದ ಚಿಮ್ಮಿ ಎದುರಾಳಿಯ ಹೊಟ್ಟೆಗೆ ಹೋಗಿ ಕೂತಿತು. ನಾನು ಎದ್ದು ನಿಂತು ಚಪ್ಪಾಳೆ ತಟ್ಟಿದೆ. ನಮ್ಮ ಕಡೆಯವರೆಲ್ಲ ನನ್ನನ್ನು ದುರುಗುಟ್ಟಿ ನೋಡಿದರು. ನೋಡಲಿ ಬಿಡಿ! ಎಡ್ಡಿಗೆ ಮತ್ತೊಮ್ಮೆ ಚೆಂಡು ಸಿಕ್ಕಿತು, ಮತ್ತೊಮ್ಮೆ ಜಾರಿತು. ರೆಫರಿ ಚೆಂಡನ್ನು ಟವಲಿನಲ್ಲಿ ಒರೆಸಿ, ಟವಲನ್ನು ಮೂಸಿ, ಮುಖ ಕಿವುಚಿದ. ಆಗಲೂ ನನಗೆ ಹೊಳೆಯಲಿಲ್ಲ. ಕೋಚ್ ಟೋಪಿ ನೆಲಕ್ಕೆ ಬಡಿದು ಬೆಂಚಿನ ಕಡೆ ಕೈ ಮಾಡಿದ. ವಾಲ್ಟರ್ ಎದ್ದ.

"ಅದು ನನ್ನ ಮಗ" ಎಂದು ಅವನ ತಾಯಿ ನನ್ನ ತೋಳು ಹಿಡಿದರು. ರತ್ನ ಅಲ್ಲೇ ಕೈಮುಗಿದಳು. ವಾಲ್ಟರ್ ಹೋಗಿ ನಿಂತು, ಎರಡೂ ಅಂಗೈಗಳನ್ನು ಪ್ಯಾಂಟಿಗೆ ಉಜ್ಜಿದ. ಮತ್ತೆ ಉಜ್ಜಿದ. ಆಗ ಹೊಳೆಯಿತು ನನಗೆ. ಅಯ್ಯೋ ಶಿವನೇ!

"ರತ್ನಾ, ಎಣ್ಣೆ ಕಣೇ! ಎಡ್ಡಿ ಒಬ್ಬನಿಗೇ ಹಚ್ಚಿ ಸುಮ್ಮನಿದ್ದಿದ್ದರೆ ಏನಾಗ್ತಿತ್ತೇ? ಒಂದೇ ಒಂದು ದಿನ ಪಂಕ್ತಿಭೇದ ಮಾಡೋಕೆ ನಿನಗೇನಾಗಿತ್ತು?"

ರತ್ನಳ ಮುಖ ಬಿಳಿಚಿತು. ವಾಲ್ಟರ್ ಓಡಿದ. ಚೆನ್ನಾಗಿಯೇ ಓಡಿದ, ಎಡ್ಡಿಗಿಂತ ದೂರ, ಒಬ್ಬನನ್ನು ತಪ್ಪಿಸಿ, ಇನ್ನೊಬ್ಬನಿಗೆ ಸಿಕ್ಕಿಯೂ ಅವನ ಕೈಯಿಂದ ಜಾರಿ. ಅಷ್ಟು ಹೊತ್ತಿಗೆ ಚೆಂಡೂ ಇವನ ಕೈಯಿಂದ ಜಾರಿತ್ತು. ಕೋಚ್ ಇಬ್ಬರನ್ನೂ ಕೂರಿಸಿ, ಹೆಸರೂ ಸರಿಯಾಗಿ ಗೊತ್ತಿಲ್ಲದ ಒಬ್ಬ ಮೊದಲ ವರ್ಷದವನನ್ನು ಇಳಿಸಿದ. ಅವನು ಎಣ್ಣೆ ಸೋಕದ ಕೈಯವನು, ಓಡಿದ, ಗೆಲ್ಲಿಸಿದ. ಬೆಂಚಿನ ಈ ತುದಿಯಲ್ಲಿ ಎಡ್ಡಿ, ಆ ತುದಿಯಲ್ಲಿ ವಾಲ್ಟರ್ ತಲೆ ತಗ್ಗಿಸಿ ಕೂತಿದ್ದವರು, ಸ್ವಲ್ಪ ಹೊತ್ತಿಗೆ ತಮ್ಮ ತಮ್ಮ ಅಂಗೈ ಮೂಸಿ ನೋಡಿಕೊಂಡರು. ಆಮೇಲೆ ಒಬ್ಬರನ್ನೊಬ್ಬರು ನೋಡಿದರು. ಎಡ್ಡಿ ಸರಿದು ಪಕ್ಕಕ್ಕೆ ಬಂದ. ಅಲ್ಲಿಂದ ಪಂದ್ಯ ಮುಗಿಯುವವರೆಗೂ ಇಬ್ಬರೂ ಹೆಲ್ಮೆಟ್ಟಿನೊಳಗೆ ಮುಖ ಹುದುಗಿಸಿ ನಗುತ್ತಲೇ ಇದ್ದರು.

ಸಂಜೆ ಎಲ್ಲರೂ ಹಬ್ಬದೂಟಕ್ಕೆ ಕೂತಾಗ ರತ್ನ ತಡೆಯಲಾರದೆ, ವಾಲ್ಟರನ ತಾಯಿಯ ಕೈ ಹಿಡಿದು, "ಮೈ ಆಯಿಲ್, ಮೈ ಮಿಸ್ಟೇಕ್" ಎಂದು ಅತ್ತೇಬಿಟ್ಟಳು. ಆಕೆ ಪೂರ್ತಿ ಕಥೆ ಕೇಳಿ, ಟೋಪಿ ಜಾರುವಷ್ಟು ನಕ್ಕರು. "ಅಳಬೇಡಮ್ಮ. ಅವನ ಹೆಸರನ್ನ ಮೈಕಿನಲ್ಲಿ ಕೂಗಿದರು, ನಾನು ಕೇಳಿದೆ. ಓಡಿದ, ನಾನು ನೋಡಿದೆ. ಇನ್ನೇನು ಬೇಕು?" ಎಂದು, ಮಂಡಿನೋವಿಗೆ ಆ ಎಣ್ಣೆ ಒಂಚೂರು ಉಳಿದಿದೆಯೇ ಎಂದು ಕೇಳಿದರು. ರತ್ನಳಿಗೆ ಎಷ್ಟು ಸಮಾಧಾನವಾಯಿತೆಂದರೆ, ಆ ಉಮೇದಿನಲ್ಲಿ ನನ್ನ ಕಡೆ ಕೈ ಮಾಡಿ, "ಮೈ ಹಸ್ಬೆಂಡ್ ಆಲ್ಸೋ ಕಾಲೇಜ್ ಟೀಮ್! ಕ್ರಿಕೆಟ್! ಮೈಸೂರ್!" ಎಂದು ಹೆಮ್ಮೆಯಿಂದ ಹೇಳಿದಳು.

"ಹೌದಾ?" ಎಂದು ಆಕೆ ಕಣ್ಣರಳಿಸಿದರು. ಬೇರೆ ಯಾರಾದರೂ ಆಗಿದ್ದರೆ ಗೆದ್ದಿರಾ, ಸೋತಿರಾ ಎಂದು ಕೇಳುತ್ತಿದ್ದರು. ನಾಲ್ಕು ವರ್ಷ ಮಗನನ್ನು ಫೋನಿನಲ್ಲಿ ಒಂದೇ ಪ್ರಶ್ನೆ ಕೇಳಿ ಅಭ್ಯಾಸವಾಗಿದ್ದ ಆ ತಾಯಿ, ನನಗೂ ಅದನ್ನೇ ಕೇಳಿದರು: "ನಿಮ್ಮನ್ನ ಎಷ್ಟು ಹೊತ್ತು ಆಡೋಕೆ ಬಿಡ್ತಿದ್ದರು?"

ಮೇಜಿನ ಸುತ್ತಲಿದ್ದವರೆಲ್ಲ ನನ್ನನ್ನೇ ನೋಡುತ್ತಿದ್ದರು. ಹೋಳಿಗೆ ಬಾಯಲ್ಲೇ ಉಳಿಯಿತು. ಅಂಥ ತಾಯಿಯ ಮುಂದೆ, ಅಂಥ ದಿನ, ಸುಳ್ಳು ಹೇಗೆ ಹೊರಡಬೇಕು? "ನಾನು ಹನ್ನೆರಡನೆಯವನು" ಎಂದೆ. ಹಾಗೆಂದರೇನು ಎಂದು ಎಡ್ಡಿ ಕೇಳಿದ. "ಆಡೋರು ಹನ್ನೊಂದು ಜನ. ಹನ್ನೆರಡನೆಯವನು ಅವರಿಗೆ ನಿಂಬೆಹಣ್ಣಿನ ಪಾನಕ ತಗೊಂಡು ಹೋಗ್ತಾನೆ."

"ಹಾಗಾದ್ರೆ ನೀವು ಒಂದು ಸಲಾನೂ ಆಡ್ಲಿಲ್ವೇನ್ರೀ?" ಎಂದಳು ರತ್ನ. ನಮ್ಮ ಮದುವೆಯ ಮಾತುಕತೆಯಲ್ಲಿ ಅವರಪ್ಪನಿಗೆ ನನ್ನ ಬಗ್ಗೆ ಮೊದಲು ಮೆಚ್ಚುಗೆಯಾದದ್ದೇ ಆ ಕ್ರಿಕೆಟ್ ಟೀಮಿನ ವಿಷಯ ಕೇಳಿ.

ನಾನು ತಟ್ಟೆ ನೋಡಿದೆ. ಇಲ್ಲ ಎಂಬಂತೆ ತಲೆಯಾಡಿಸಿದೆ. ಆಗ ವಾಲ್ಟರ್ ತನ್ನ ತಟ್ಟೆಯಲ್ಲಿದ್ದ ಹೋಳಿಗೆಯನ್ನು ಎತ್ತಿ ನನ್ನ ತಟ್ಟೆಗೆ ಹಾಕಿ, ಎಣ್ಣೆ ಹೊಳೆಯುವ ಕೈಯಿಂದ ನನ್ನ ಭುಜ ತಟ್ಟಿ, ಪರಮ ಕನಿಕರದಿಂದ ಹೇಳಿದ: "ಪಾಪ, ಪ್ರೊಫೆಸರ್. ನನಗೆ ಕೈಬಿಡೋದಕ್ಕಾದರೂ ಒಂದು ಚೆಂಡು ಕೊಟ್ಟರು."