ಸಮುದ್ರದೊಳಗೊಂದು ಶಾಫ್ಟು

ಬಂಗಾರಪೇಟೆಯಲ್ಲಿ ರೈಲು ಹತ್ತಿಸಿ ಜನರಿಗೆ ಆಂಧ್ರದ ಸಮುದ್ರ ತೋರಿಸಿಕೊಂಡು ಬರುವುದು ನನ್ನ ಕಸುಬು. ಸಮುದ್ರ ಅದೇ ಆದರೂ ನೋಡುವವರು ಒಬ್ಬರಂತೆ ಒಬ್ಬರಿರುವುದಿಲ್ಲವಲ್ಲ, ಪ್ರತಿ ಸಲ ಏನಾದರೊಂದು ಆಗಿಯೇ ಆಗುತ್ತದೆ. ಕಳೆದ ಟ್ರಿಪ್ಪಿಗೆ ಮೈಸೂರು ಮೈನ್ಸಿನ ತಾತ, ಅಜ್ಜಿ ಬಂದಿದ್ದರು. ತಾತ ಅಲ್ಲಿನ ಚಿನ್ನದ ಗಣಿಯಲ್ಲಿ ದುಡಿದವರು. ಸಮುದ್ರದಲ್ಲಿ ಕಾಲು ನೆನೆಸಬೇಕೆಂಬುದು ಅಜ್ಜಿಗೆ ಮದುವೆಯಾದಾಗಿನಿಂದ ಇದ್ದ ಆಸೆ.

೧

ಬೀಚಿಗೆ ಹೋದರೆ ದೂರದ ನೀರಿನಲ್ಲಿ ಎಣ್ಣೆ ಬಾವಿಯ ಕಬ್ಬಿಣದ ಗೋಪುರ. ಫೋಟೋ ಹಾಳಾಯಿತೆಂದು ಉಳಿದವರೆಲ್ಲ ಮುಖ ಸಿಂಡರಿಸಿದರು. ತಾತ ಮಾತ್ರ ಅಲೆಗಳನ್ನು ಬಿಟ್ಟು ಅದನ್ನೇ ನೋಡುತ್ತ ನಿಂತರು. ಗಣಿಗೆ ಆಳುಗಳನ್ನು ಇಳಿಸುವ ಶಾಫ್ಟಿನ ಬಾಯಿಯ ಮೇಲೂ ಇಂಥದ್ದೇ ಕಬ್ಬಿಣದ ಗೋಪುರವಿರುತ್ತದೆ.

“ಅಲ್ನೋಡೇ, ಶಾಫ್ಟು. ನೀರೊಳಗೂ ಗಣಿ ತೋಡವ್ರೆ. ಫಸ್ಟ್ ಶಿಫ್ಟು ಎಷ್ಟೊತ್ತಿಗೋ?”

ಅಜ್ಜಿ, “ರಿಟೈರಾಗಿದೀಯ, ಸುಮ್ಕಿರು. ಅಲ್ಲೀಗಂಟ ಊಟದ ಕ್ಯಾರಿಯರ್ ತರಕ್ಕೆ ನನ್ನ ಕೈಲಾಗಲ್ಲ” ಅಂದರು.

೨

ಪ್ರವಾಸಿಗರನ್ನು ಸುತ್ತಾಡಿಸುವ ದೋಣಿಯವನು, ಗೋಪುರದ ಕಡೆ ಹೋಗಲು ಎಣ್ಣೆ ಬಾವಿಯವರು ಬಿಡುವುದಿಲ್ಲ, ಹಾಗಾಗಿ ಗಿರಾಕಿಗಳೇ ಇಲ್ಲ ಎಂದು ತೆಲುಗಿನಲ್ಲಿ ಗೋಳಾಡಿದ. ಗಡಿ ಸೀಮೆಯ ನಮ್ಮವರಿಗೆ ತೆಲುಗು ಹೊಸದೇ? ಯೂನಿಯನ್ ಕಟ್ಟು ಎಂದರು ತಾತ.

“ಇಲ್ಲಿ ಉಳಿದಿರೋದು ನಾನೊಬ್ಬನೇ.”

“ಅಂಗಾದ್ರೆ ಎಲೆಕ್ಷನ್ನೇ ಬ್ಯಾಡ. ನೀನೇ ಪ್ರೆಸಿಡೆಂಟು.”

೩

ನೀರಿನ ಅಂಚಿನಲ್ಲಿ ಹಗ್ಗ ಕಟ್ಟಿತ್ತು. ಬಾವಿಯ ಎಣ್ಣೆ ಗಟ್ಟಿಯಾಗಿ ಡಾಂಬರಿನಂಥ ಉಂಡೆಗಳು ತೇಲಿ ಬಂದಿವೆ, ಯಾರೂ ಇಳಿಯಬೇಡಿ ಎಂದ ಕಾವಲಿನವನು. ಅಜ್ಜಿ ಬಿಚ್ಚಿದ್ದ ಚಪ್ಪಲಿಯನ್ನು ಮತ್ತೆ ಮೆಟ್ಟಿಕೊಂಡರು.

ತಾತ ಕಾವಲಿನವನ ಹತ್ತಿರ ಹೋಗಿ ಅದೇನು ಹೇಳಿದರೋ, ಅವನೇ ಬಂದು ದಡ ಸ್ವಲ್ಪ ಚೆನ್ನಾಗಿದ್ದ ಕಡೆ ಹಗ್ಗ ಎತ್ತಿ ಹಿಡಿದ. ತಾತ ಅಜ್ಜಿಯ ಕೈ ಹಿಡಿದು ಇಳಿಸಿದರು. ಮೊದಲ ಅಲೆ ಬಂದು ಸೀರೆ ನೆನೆಸಿದಾಗ ಅಜ್ಜಿ ನಕ್ಕರು, ಕಣ್ಣೂ ಒರೆಸಿಕೊಂಡರು.

ಮೇಲೆ ಬಂದು ನೋಡಿದರೆ ಅಜ್ಜಿಯ ಎರಡೂ ಅಂಗಾಲು ಕಪ್ಪು. ಅದನ್ನು ಬಿಡಿಸಲು ನಾನು ಕೊಬ್ಬರಿ ಎಣ್ಣೆ ತಂದುಕೊಟ್ಟೆ. ತಾತ ಮರಳಲ್ಲೇ ಕೂತು, ಹೆಂಡತಿಯ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಮೆಲ್ಲಗೆ ಉಜ್ಜತೊಡಗಿದರು. ಗಣಿಯಲ್ಲಾದರೆ ಚಿನ್ನ ಕದ್ದೊಯ್ಯದಂತೆ ಮನೆಗೆ ಹೋಗುವಾಗ ಗೇಟಿನಲ್ಲಿ ಮೈಯೆಲ್ಲ ತಡಕುತ್ತಿದ್ದರಂತೆ.

“ನಮ್ಮ ಗೇಟಲ್ಲಾಗಿದ್ರೆ ನೀನು ಸಿಕ್ಕಾಕೊಂತಿದ್ದೆ ಕಣೇ” ಅಂದರು ತಾತ.

ಅಜ್ಜಿ ಇನ್ನೊಂದು ಪಾದವನ್ನೂ ಅವರ ತೊಡೆಗೆ ಸರಿಸಿದರು. “ಮೂವತ್ತು ವರ್ಷ ಚಿನ್ನದ ಗಣಿಗಿಳಿದು ನೀನು ಒಂದು ಮೂಗುಬೊಟ್ಟಿನಷ್ಟೂ ತರ್ನಿಲ್ಲ. ನಾನು ಒಂದ್ಸಲ ನೀರಿಗಿಳಿದೆ, ನೋಡು, ಎರಡು ಕಾಲ್ತುಂಬ ಎಣ್ಣೆ ತಂದಿವ್ನಿ.”