ಹಾರುವ ಮನುಷ್ಯನೂ ನಮ್ಮ ಚರ್ಚ್ ಕಮಿಟಿಯೂ

ಸಿನಿಮಾ ನೋಡಿ ನಕ್ಕು ಬರುವವರು ಊರ ತುಂಬ ಇರುತ್ತಾರೆ. ಸಿನಿಮಾ ನೋಡಿ ತಾವೇ ನಗೆಪಾಟಲಾಗಿ ಬರುವ ಭಾಗ್ಯ ನಮ್ಮಂಥ ಕೆಲವರಿಗೆ ಮಾತ್ರ. ಎಪ್ಪತ್ತರ ದಶಕದಲ್ಲಿ ವಿಜಾಪುರದ ನಮ್ಮ ಸಣ್ಣ ಚರ್ಚಿನಲ್ಲಿ ಇಂಥದ್ದು ಒಂದಿಲ್ಲೊಂದು ನಡೆಯುತ್ತಲೇ ಇತ್ತು.

೧. ಪರೀಕ್ಷಕರು

ನಮ್ಮಲ್ಲೊಂದು ಪದ್ಧತಿ. ಊರಿಗೆ ಬಂದ ಸಿನಿಮಾವನ್ನು ಮೊದಲು ಕಮಿಟಿಯ ಮೂವರು ನೋಡಬೇಕು. ಆದಿತ್ಯವಾರ ಆರಾಧನೆ ಮುಗಿದ ಮೇಲೆ ಎದ್ದು ನಿಂತು, ಕ್ರೈಸ್ತ ಕುಟುಂಬಗಳು ಅದನ್ನು ನೋಡಬಹುದೋ ಬಾರದೋ ಹೇಳಬೇಕು. ಒಬ್ಬರು ಕಮಿಟಿಯ ಅಧ್ಯಕ್ಷರು, ಹೆಡ್ ಕ್ಲರ್ಕ್ ಆಗಿ ನಿವೃತ್ತರಾದವರು. ಇನ್ನೊಬ್ಬರು ಬಬಲೇಶ್ವರದಿಂದ ಬಸ್ಸಿಗೆ ಬರುವ ಶಾಲೆಯ ಮಾಸ್ತರರು. ಮೂರನೆಯವನು ನಾನು. ಸೊಲ್ಲಾಪುರ ರಸ್ತೆಯಲ್ಲಿ ನನ್ನದು ಪಂಪ್‌ಸೆಟ್ ರಿಪೇರಿ ಅಂಗಡಿ. ಇಂಗ್ಲಿಷ್ ಬಲ್ಲವನೆಂದು ನನ್ನನ್ನು ಹಾಕಿಕೊಂಡಿದ್ದರು. ನನಗೆ ಬರುತ್ತಿದ್ದ ಇಂಗ್ಲಿಷ್ ಎಂದರೆ ಎಂಜಿನ್ನಿನ ಬಿಡಿಭಾಗಗಳ ಹೆಸರು. ಅವು ಯಾವುವೂ ಸಿನಿಮಾದಲ್ಲಿ ಬರುತ್ತಿರಲಿಲ್ಲ.

ನಮ್ಮ ಕೈಯಲ್ಲಿ ಅಲ್ಲಿಯತನಕ ಒಂದು ಸಿನಿಮಾವೂ ಪಾಸಾಗಿರಲಿಲ್ಲ. ಒಂದರಲ್ಲಿ ನಾಯಕ ಕುಡಿದ. ಇನ್ನೊಂದರಲ್ಲಿ ನಾಯಕಿ ಮಳೆಯಲ್ಲಿ ತೊಯ್ದಳು. ಮತ್ತೊಂದು ಹಾಲಿನಷ್ಟು ಶುದ್ಧವಾಗಿತ್ತು, ಆದರೆ ಶುರುವಿಗೆ ಬೀಡಿಯ ಜಾಹೀರಾತು ತೋರಿಸಿದರೆಂದು ಅದನ್ನೂ ಫೇಲ್ ಮಾಡಿದೆವು.

ಇದರ ಏಟು ಬಿದ್ದದ್ದು ನನ್ನ ಹೆಂಡತಿಗೆ. ಆಕೆ ತಿಕೋಟಾದವಳು. ಅಲ್ಲಿ ಟೂರಿಂಗ್ ಟಾಕೀಸಿನವರು ಡೇರೆ ಹಾಕಿದಾಗ ಹೊರಗೆ ನಿಂತು ಹಾಡು, ಹೊಡೆದಾಟದ ಸದ್ದು ಕೇಳಿಯೇ ಬೆಳೆದವಳು. ಪರದೆಯನ್ನು ಕಣ್ಣಾರೆ ಕಂಡವಳಲ್ಲ. ಮದುವೆಯಾದ ಮೇಲೆ ತೋರಿಸುತ್ತೇನೆಂದು ನಾನು ಮಾತು ಕೊಟ್ಟಿದ್ದೆ. ಅಷ್ಟರಲ್ಲಿ ನಾನೇ ಪರೀಕ್ಷಕನಾಗಿ ಕೂತೆ. ಒಂದು ದಿನ ಊಟಕ್ಕೆ ಬಡಿಸುತ್ತ ಕೇಳಿದಳು: "ಏನ್ರಿ, ನೀವು ಕಮಿಟಿಗೆ ಸೇರಿದ್ದು ಸಿನಿಮಾ ಪಾಸ್ ಮಾಡಾಕೋ, ನನ್ನ ಫೇಲ್ ಮಾಡಾಕೋ?"

೨. ಮಾಳಿಗೆಯ ಮೇಲಿನ ಪ್ರಸಂಗ

ಆಗ ಊರಿಗೆ ಹಾರುವ ಮನುಷ್ಯನ ಇಂಗ್ಲಿಷ್ ಸಿನಿಮಾ ಬಂತು. ಸಂಡೇ ಸ್ಕೂಲಿನ ಮಕ್ಕಳು ಕೊರಳಿಗೆ ಟವೆಲ್ ಕಟ್ಟಿಕೊಂಡು ಚರ್ಚಿನ ಕಟ್ಟೆಯಿಂದ ಜಿಗಿಯತೊಡಗಿದ್ದರಿಂದ ಪರೀಕ್ಷೆ ಅರ್ಜೆಂಟಾಯಿತು. ಮೂವರೂ ಹೋಗಿ ಕೂತೆವು.

ನಾಯಕ ಪೋಸ್ಟ್ ಆಫೀಸಿನಲ್ಲಿ ಠಸ್ಸೆ ಹೊಡೆಯುವ ಬಡ ಗುಮಾಸ್ತ. ಸಿಡಿಲು ಬಡಿದು ಹಾರುವ ಶಕ್ತಿ ಬರುತ್ತದೆ. ಮುಖಕ್ಕೆ ಬಟ್ಟೆ ಕಟ್ಟಿಕೊಂಡು, ಸೇತುವೆ ಮುರಿದಲ್ಲಿ ರೈಲು ತಡೆದು ನಿಲ್ಲಿಸಿ, ಯಾರಿಗೂ ಹೇಳದೆ ಹಾರಿಹೋಗುತ್ತಾನೆ. ಇಲ್ಲಿಯತನಕ ಅಧ್ಯಕ್ಷರಿಗೂ ತಪ್ಪು ಸಿಕ್ಕಿರಲಿಲ್ಲ. ಹೆಂಡತಿಯ ಮುಖ ನೆನೆದು ನನಗೆ ಖುಷಿಯಾಯಿತು.

ಅಷ್ಟರಲ್ಲಿ ಒಂದು ಮಾಳಿಗೆಯ ಮೇಲೆ ನಾಯಕಿ ಅವನ ಹತ್ತಿರ ಬಂದಳು. ಇನ್ನೂ ಹತ್ತಿರ ಬಂದಳು. ಅಧ್ಯಕ್ಷರು ಕರವಸ್ತ್ರ ಮುಖಕ್ಕೆ ಹಿಡಿದರು, ಮಾಸ್ತರರು ಚಸ್ಮಾ ತೆಗೆದರು, ನಾನು ಕಣ್ಣು ಮುಚ್ಚಿದೆ. ಕಣ್ಣು ತೆರೆದಾಗ ಮಾಳಿಗೆ ಖಾಲಿಯಾಗಿತ್ತು.

"ಏನಾತು?" ಎಂದರು ಅಧ್ಯಕ್ಷರು.

"ನೀವು ನೋಡಿಲ್ಲೇನ್ರಿ?" ಎಂದೆ.

"ನಾ ಹೆಂಗ ನೋಡ್ಲಿ? ನಾ ಅಧ್ಯಕ್ಷ."

ಮಾಸ್ತರರದೂ ಅದೇ ಕಥೆ. ನೋಡದೆ ವರದಿ ಹೇಳುವುದು ಹೇಗೆ? ಕೊನೆಗೆ ಅಧ್ಯಕ್ಷರು ಹಿಂದಿನ ಸಾಲಿನಲ್ಲಿ ಕೂತಿದ್ದ ರೈತನ ಕಡೆ ತಿರುಗಿ, "ಯಪ್ಪಾ, ಈಗ ಮಾಳಿಗಿ ಮ್ಯಾಲೆ ಅವರಿಬ್ರೂ ಏನ್ ಮಾಡಿದ್ರು?" ಎಂದು ಕೇಳಿದರು.

ಆತ ನಮ್ಮ ಮೂವರ ಕೋಟು, ನರೆಗೂದಲು ಎಲ್ಲವನ್ನೂ ಸಾವಕಾಶ ನೋಡಿ ಹೇಳಿದ: "ಈ ವಯಸ್ಸಿನ್ಯಾಗ ನಿಮಗ ಅದs ಬೇಕಾಗೇತೇನ್ರಿ?"

೩. ಎತ್ತು ಮತ್ತು ರೈಲು

ಮರುದಿನ ಚರ್ಚಿನಲ್ಲಿ ಕಮಿಟಿ ಸೇರಿತು. ನಮ್ಮ ಸಭಾಪಾಲಕ ಅಯ್ಯನವರು ಮೆದು ಸ್ವಭಾವದವರು. ಅಧ್ಯಕ್ಷರು ಮೊದಲೇ ಗಂಟಲು ಸರಿಮಾಡಿಕೊಂಡು, "ಅವ ಆದಿತ್ಯವಾರ ದುಡದಾನ್ರಿ. ರೈಲು ನಿಲ್ಲಿಸಿದ್ದು ಆದಿತ್ಯವಾರ" ಎಂದರು.

"ಆದಿತ್ಯವಾರ ಅಂತ ಹೆಂಗ ಗೊತ್ತಾತ್ರಿ?" ಎಂದೆ.

"ಅವತ್ತ ಪೋಸ್ಟ್ ಆಫೀಸ್ ಬಂದ್ ಇತ್ತು."

ಇಷ್ಟು ಸೂಕ್ಷ್ಮ ನೋಡಿದ ಮನುಷ್ಯ ಮಾಳಿಗೆಯ ಮೇಲಿನದನ್ನು ನೋಡಲಿಲ್ಲವಲ್ಲ ಎಂದು ನನಗೆ ಹೊಟ್ಟೆ ಉರಿಯಿತು. ಅಯ್ಯನವರು ಸಮಾಧಾನ ಹೇಳಲು ಬಂದರು: "ಬಾವ್ಯಾಗ ಬಿದ್ದ ಎತ್ತನ್ನ ವಿಶ್ರಾಂತಿ ದಿನಾನೂ ಮ್ಯಾಲೆ ಎತ್ತಬಹುದು ಅಂತ ನಮ್ಮ ಸತ್ಯವೇದದಾಗ ಐತಲ್ರಿ."

"ಎತ್ತಿಗೆ ಐತ್ರಿ ಅಯ್ಯನವರ," ಎಂದರು ಅಧ್ಯಕ್ಷರು. "ರೈಲಿಗೆ ಇಲ್ಲ."

೪. ಆಯಿಯ ಕೋಲು

ಬೇರೆ ಯಾರಾದರೂ ಕಣ್ಣು ಮುಚ್ಚದವರು ನೋಡಿ ಬರಲಿ ಎಂದಾಯಿತು. ಅಂಥವರು ನಮ್ಮಲ್ಲಿ ಒಬ್ಬರೇ: ಅಯ್ಯನವರ ತಾಯಿ. ಇಡೀ ಸಭೆ ಅವರನ್ನು ಆಯಿ ಎನ್ನುತ್ತಿತ್ತು. ಆಯಿ ಹೇಳಿದ್ದನ್ನು ದಾಟುವ ಧೈರ್ಯ ಅಧ್ಯಕ್ಷರಿಗೂ ಇರಲಿಲ್ಲ. ಆದರೆ ಆಯಿಗೆ ಆಗಷ್ಟೇ ಕಣ್ಣಿನ ಆಪರೇಷನ್ ಆಗಿತ್ತು. ಪಕ್ಕದಲ್ಲಿ ಕೂತು ಹೇಳಲು ಒಬ್ಬರು ಬೇಕು, ಟಾಕೀಸಿನ ಹೆಂಗಸರ ಕ್ಲಾಸಿಗೆ ಗಂಡಸರನ್ನು ಬಿಡುವುದಿಲ್ಲ.

"ಈಕೀನ ಕರಕೊಂಡು ಹೋಗ್ತೀನಿ," ಎಂದು ಆಯಿ, ತಮ್ಮನ್ನು ಚರ್ಚಿಗೆ ನಡೆಸಿಕೊಂಡು ಬಂದಿದ್ದ ನನ್ನ ಹೆಂಡತಿಯ ಕೈ ಹಿಡಿದರು.

ಅಧ್ಯಕ್ಷರು ತಕರಾರು ತೆಗೆದರು. "ಕಮಿಟಿ ಒಪ್ಪಿಗಿ ಕೊಡೂಕಿಂತ ಮೊದಲ ಈಕಿ ಹೆಂಗ ನೋಡ್ತಾಳ್ರಿ?"

"ಈಕಿ ನನ್ನ ಕೋಲು," ಎಂದರು ಆಯಿ. "ಕೋಲಿಗೂ ಕಮಿಟಿ ಒಪ್ಪಿಗಿ ಬೇಕೇನೋ?"

೫. ಫ್ಯಾನು

ಶುಕ್ರವಾರ ಸಿನಿಮಾ ಬದಲಾಗುವುದಿತ್ತು. ಆದಿತ್ಯವಾರ ಪಾಸಾಗದಿದ್ದರೆ ಕಥೆ ಮುಗಿದಂತೆ. ಹೆಂಡತಿ ಒಮ್ಮೆ ನೋಡಿ ಬಂದಿದ್ದಳಲ್ಲ, ಸಾಕಲ್ಲವೇ ಎಂದರೆ, "ನೀವು ಮಾತು ಕೊಟ್ಟಿದ್ದು ಆಯಿ ಜೋಡಿ ಕಳಸ್ತೀನಿ ಅಂತಲ್ಲ, ನಿಮ್ಮ ಜೋಡಿ," ಎಂದಳು. ಆ ಮಾತು ನನಗೆ ತಾಗಿತು. ಆರಾಧನೆಯ ಹೊತ್ತಿನಲ್ಲಿ ಸಿನಿಮಾ ಪಾಸಾಗಲೆಂದು ನಾನು ಪ್ರಾರ್ಥನೆ ಮಾಡಿದ್ದೂ ನಿಜ.

ಅಧ್ಯಕ್ಷರು ಎದ್ದರು. "ಆಯಿ, ಮಾಳಿಗಿ ಮ್ಯಾಲಿಂದು ಏನ್ರಿ?"

ಆಯಿ ಕೂತಲ್ಲಿಂದಲೇ ಹೇಳಿದರು: "ಹಾರಿ ಹಾರಿ ಅವನ ಕಣ್ಣಾಗ ಕಸ ಬಿದ್ದಿತ್ತು. ಆ ಹುಡಿಗಿ ಊದಿ ತಗದ್ಲು. ಅವನ ಕಣ್ಣಾಗ ಕಸ ಇತ್ತು, ನಿಮ್ಮ ಮೂವರ ಕಣ್ಣಿಗೆ ಏನಾಗಿತ್ತು?"

ಹೆಂಗಸರ ಕಡೆಯಿಂದ ನಗು ಬಂತು. ಅಧ್ಯಕ್ಷರು ಬಿಡಲಿಲ್ಲ. "ಆದ್ರೂ ಅವ ಮಾರಿ ಮುಚ್ಚಿಕೊಂಡು, ಹೆಸರು ಮುಚ್ಚಿಟ್ಟು ಅಡ್ಡಾಡ್ತಾನ. ಇದು ಒಳ್ಳೆ ಮನಷ್ಯಾನ ಲಕ್ಷಣ ಏನ್ರಿ?"

ಆಯಿ ತಲೆ ಎತ್ತಿ ಮೇಲೆ ನೋಡಿದರು. ಅಲ್ಲಿ ಅಧ್ಯಕ್ಷರು ಚರ್ಚಿಗೆ ದಾನ ಕೊಟ್ಟ ಫ್ಯಾನು ತಿರುಗುತ್ತಿತ್ತು.

"ರೈಲು ತುಂಬ ಮಂದೀನ ಉಳಿಸಿ ಹೆಸರು ಹೇಳದ ಹೋದ ಅವ. ನಾವು ಒಂದು ಫ್ಯಾನ್ ಕೊಟ್ಟು ಮೂರೂ ರೆಕ್ಕಿಗೆ ಹೆಸರು ಬರಸೇವಿ."

ಇಡೀ ಸಭೆ ಮೇಲೆ ನೋಡಿತು. ಅವತ್ತು ಕರೆಂಟು ಕಡಿಮೆ ಇದ್ದುದರಿಂದ ಫ್ಯಾನು ನಿಧಾನ ತಿರುಗುತ್ತಿತ್ತು, ಹೆಸರು ಎಲ್ಲರಿಗೂ ಚೆನ್ನಾಗಿ ಓದಲು ಬಂತು. ಅಯ್ಯನವರು ಅವಸರದಿಂದ ಆಮೆನ್ ಎಂದರು. ಸಿನಿಮಾ ಪಾಸಾಯಿತು.

೬. ಮತ್ತೆ ಮಾಳಿಗೆಯ ಮೇಲೆ

ಗುರುವಾರ ಸಭೆಯ ಮನೆಮಂದಿಯೆಲ್ಲ ಟಾಕೀಸಿನಲ್ಲಿದ್ದರು. ಗಂಡ ಹೆಂಡತಿ ಜೋಡಿಯಾಗಿ ಕೂಡುವ ಬಾಲ್ಕನಿಯಲ್ಲಿ ನಾನು, ನನ್ನ ಹೆಂಡತಿ. ಆಕೆ ಹೊಸ ಇಳಕಲ್ ಸೀರೆ ಉಟ್ಟಿದ್ದಳು. ರೈಲು ನಿಂತಾಗ ಎರಡನೇ ಸಲವೂ ಅತ್ತಳು. ಇಷ್ಟು ದಿನ ಇವಳನ್ನು ಯಾಕೆ ಕಾಯಿಸಿದೆನೋ ಎಂದು ನನಗೂ ಕಣ್ಣು ತುಂಬಿತು.

ಮಾಳಿಗೆ ಬಂತು. ನಾಯಕಿ ಹತ್ತಿರ ಬಂದಳು. ರೂಢಿಯಂತೆ ನಾನು ಕಣ್ಣು ಮುಚ್ಚಿದೆ. ಆಮೇಲೆ ಬರೀ ಕಣ್ಣಿನ ಕಸವಲ್ಲವೇ, ಕಮಿಟಿಯೇ ಪಾಸು ಮಾಡಿದೆ ಎಂದು ಧೈರ್ಯ ಮಾಡಿ ತೆರೆದೆ.

ಕಸವೂ ಇರಲಿಲ್ಲ, ಊದುವುದೂ ಇರಲಿಲ್ಲ. ಆಕೆ ಅವನಿಗೆ ಸರಿಯಾಗಿ ಒಂದು ಮುತ್ತು ಕೊಟ್ಟಳು, ಸಾವಕಾಶವಾಗಿ.

ಗಾಬರಿಯಾಗಿ ಸುತ್ತ ನೋಡಿದೆ. ಅಧ್ಯಕ್ಷರು ಕರವಸ್ತ್ರ ಹಿಡಿದಿದ್ದರು, ಮಾಸ್ತರರ ಚಸ್ಮಾ ಕೈಯಲ್ಲಿತ್ತು, ಸಭೆಯ ಹಿರಿಯರೆಲ್ಲ ಪ್ರಾರ್ಥನೆಗೆ ಕೂತವರ ಹಾಗೆ ತಲೆ ತಗ್ಗಿಸಿದ್ದರು. ಮಕ್ಕಳಷ್ಟೇ ಆರಾಮಾಗಿ ನೋಡುತ್ತಿದ್ದರು.

"ಆಯಿ ಕಸ ಅಂದಿದ್ರಲ್ಲ?" ಎಂದು ಹೆಂಡತಿಯ ಕಿವಿಯಲ್ಲಿ ಕೇಳಿದೆ.

"ಆಯಿಗೆ ಎಲ್ಲಿ ಕಾಣಸ್ತೈತ್ರಿ?" ಎಂದಳು ಆಕೆ, ಪರದೆಯಿಂದ ಕಣ್ಣು ಕೀಳದೆ. "ಏನಾತು ಅಂತ ನನ್ನ ಕೇಳಿದ್ರು. ನಾ ಕಸ ಅಂದೆ."