ಬೀಗರಿಗೆ ಗೊತ್ತಾಗಬಾರದ ಲಿವರು

ವಿಜಯಪುರದಾಗ ಲಿವರ್ ಡಾಕ್ಟರಾಗಿ ಕುಂತ ಮ್ಯಾಲ ಇಂಥವು ನಡೀತಾನ ಇರ್ತಾವ. ನಗಬೇಕೋ, ಹಣಿ ಹಣಿ ಬಡಕೋಬೇಕೋ ತಿಳಿಯೂದಿಲ್ಲ. ಒಂದ ಮನಿತನದ ಕಥಿ ಹೇಳ್ತೀನಿ, ಕೇಳ್ರಿ.

೧. ಸೊಸಿ ಕೈಯೂಟ

ನಿಡೋಣಿಯಿಂದ ಒಬ್ಬ ರೈತನ್ನ ಕರಕೊಂಡು ಬಂದ್ರು. ಲಿವರ್ ಕ್ಯಾನ್ಸರ್. ಜೋಡಿ ತಾಯಿ, ಹೆಂಡತಿ, ತಮ್ಮ. ನಾ ತಿಳಿಸಿ ಹೇಳಿದೆ: "ಹೆಪಟೈಟಿಸ್ ಬಿ ಅನ್ನೂ ವೈರಸ್ ಸಣ್ಣಂದಿನಿಂದ ಲಿವರಿನಾಗ ಕುಂತೈತಿ. ತನ್ನ ಎಳಿ ತಂದು ಇವರ ಜೀನಿನಾಗ ಹೆಣದೈತಿ. ಜೀನು ಕೆಡಕೋತ ಕೆಡಕೋತ ಬಂದು, ಈಗ ಜೀವಕೋಶ ಯಾರ ಮಾತೂ ಕೇಳದಂಗ ಬೆಳ್ಯಾಕತ್ತಾವ."

ಮುದುಕಿ ಕಿವಿಗೆ ಬಿದ್ದದ್ದು ಜೀನ್ ಒಂದ. "ನಮ್ಮ ವಂಶದಾಗ ಇಲ್ರಿ ಸಾಹೇಬ್ರ. ಈಕಿ ತವರಮನಿದು," ಅಂತ ಸೊಸಿ ಕಡೆ ಕೈ ಮಾಡಿದಳು.

"ಯವ್ವಾ, ಕೆಟ್ಟಿದ್ದು ನಿನ್ನ ಮಗನ ಲಿವರಿನ ಜೀನು. ಇದು ವಂಶದ್ದಲ್ಲ, ಮಕ್ಕಳಿಗೂ ಹೋಗೂದಿಲ್ಲ. ಸೊಸಿದು ಹೆಂಗಾಗತೈತಿ?"

"ಲಗ್ನ ಆದಾಗಿಂದ ಆಕಿ ಕೈಲೇ ಉಂಡಾನಲ್ರಿ."

೨. ಮುಹೂರ್ತ

ತಮ್ಮನ್ನ ಒಬ್ಬನ್ನೇ ಒಳಗ ಕರೆದೆ. "ಈ ವೈರಸ್ ಹೆಚ್ಚಾಗಿ ಹೆರಿಗಿ ಹೊತ್ತಿನಾಗ ತಾಯಿಂದ ಬರತೈತಿ. ಒಂದ ಹೊಟ್ಯಾಗ ಹುಟ್ಟೀರಿ, ನಿಮಗೂ ಇರಬಹುದು. ತಪಾಸಣಿಗೆ ರಕ್ತ ಕೊಡ್ರಿ. ಈಗ ಸಿಕ್ರ ಗುಳಿಗಿ ಅದಾವ, ಅಣ್ಣನ ಗತಿ ಬರದಂಗ ನೋಡಕೋಬಹುದು."

"ನನ್ನ ಮಗಳ ಲಗ್ನ ತಿಕೋಟಾದಾಗ ಗಟ್ಟಿ ಆಗೇತ್ರಿ. ಅದು ಮುಗೀಲಿ, ಆಮ್ಯಾಲ ಎಷ್ಟು ಬೇಕಷ್ಟು ರಕ್ತ ತಗೋರಿ."

"ವೈರಸ್ ಮುಹೂರ್ತ ನೋಡೂದಿಲ್ಲಪಾ."

"ಬೀಗರು ನೋಡ್ತಾರ್ರಿ. ಒಣದ್ರಾಕ್ಷಿ ವ್ಯಾಪಾರದವರು. ಒಂದು ಕಾಳು ಕೆಟ್ಟಿದ್ದು ಕಂಡ್ರ ಇಡೀ ಡಬ್ಬಿ ವಾಪಸ್ ಕಳಸೂ ಮಂದಿ."

೩. ಹಾರ್ಟು

ಅಣ್ಣ ಉಳೀಲಿಲ್ಲ. ಕ್ಯಾನ್ಸರ್ ಅಂದ್ರ ಬೀಗರು ಬೆದರ್ತಾರಂತ ಮನಿಯವರು ಊರ ತುಂಬ ಹಾರ್ಟ್ ಅಟ್ಯಾಕ್ ಅಂತ ಹೇಳಿದ್ರು. ನನಗ ಸಿಟ್ಟು ಬಂತು, ಆದ್ರ ಪೇಷಂಟಿನ ಗುಟ್ಟು, ಬಾಯಿ ಬಿಡೂ ಹಂಗಿಲ್ಲ. ಸಿದ್ಧೇಶ್ವರ ಗುಡಿ ಹತ್ರ ಕಾಯಿಪಲ್ಯಾ ತಗೊಳ್ಳಾಕತ್ತಿದ್ದೆ. ಅವರ ಊರಾವ ಒಬ್ಬ ಅಡ್ಡ ನಿಂತು ದಬಾಯಿಸಿದ:

"ತಿಂಗಳಗಟ್ಟಲೆ ಲಿವರ್ ನೋಡಕೋತ ಕುಂತ್ರಿ. ಹಾರ್ಟಿನ ಕಡೆ ಒಮ್ಮೆರ ನೋಡಬಾರದೇನ್ರಿ ಸಾಹೇಬ್ರ?"

"ತಪ್ಪಾತಪಾ," ಅಂದು ಬದನಿಕಾಯಿ ಆರಿಸಿದೆ.

೪. ಆರಾಮಿಲ್ಲದವರು

ಲಗ್ನ ಆತು. ಮಗಳು ತಿಕೋಟಾಕ್ಕ ಹೋದ ಮ್ಯಾಲ ತಮ್ಮ ತಾನಾಗೇ ಬಂದ. ಹೊಟ್ಟಿ ಬಲಕ್ಕ ಭಾರ ಅನಸ್ತೈತಿ ಅಂದ. ಮತ್ತ ಇವನ ಮನಸು ತಿರುಗೀತಂತ ನರ್ಸಿಗೂ ಕಾಯಲಿಲ್ಲ. ನಾನ ಅವನ ತೋಳಿಗೆ ರಬ್ಬರ್ ಕಟ್ಟಿ ಸೂಜಿ ತಗೊಂಡೆ.

ಅಷ್ಟರಾಗ ಬಾಗಲಾ ತಳ್ಳಿ ಒಬ್ರು ಒಳಗ ಬಂದ್ರು. ತಿಕೋಟಾದ ಬೀಗರು. ಕೈಯಾಗ ಲಿವರ್ ಸ್ಕ್ಯಾನಿನ ಲಕೋಟಿ.

ಇವ ರಬ್ಬರ್ ಕಿತ್ತು ಅಂಗಿ ತೋಳು ಇಳಿಸಿದ. ಅವರು ಲಕೋಟಿ ಬೆನ್ನ ಹಿಂದ ಹಿಡಿದ್ರು.

"ನೀವೇನ್ರಿ ಬೀಗರ ಇಲ್ಲಿ?" ಅಂದ ಇವ.

"ಪರಿಚಯದವರೊಬ್ರಿಗೆ ಆರಾಮಿಲ್ರಿ, ವಿಚಾರಸಾಕ ಬಂದಿದ್ನಿ. ನೀವು?"

"ನಾನೂ ಅವರ ಸಲುವಾಗೇ ಬಂದೇನ್ರಿ."

ಅವರು ಅಂದ್ರ ಯಾರು ಅಂತ ಇಬ್ಬರೂ ಕೇಳಲಿಲ್ಲ. ಹೆಂಗದಾರ್ರಿ ಅವರು ಅಂತ ನನ್ನ ಮಾರಿ ನೋಡಿದ್ರು.

"ತಡಾ ಮಾಡ್ಯಾರ," ಅಂದೆ. "ಈಗರ ರಕ್ತ ಕೊಟ್ರ ಉಳದಾರು."

"ಪಾಪ, ಮನ್ಯಾಗ ಯಾರರ ತಿಳಿಸಿ ಹೇಳಬೇಕಿತ್ತು," ಅಂದ್ರು ಬೀಗರು.

ಇವ ಹೌದ್ರಿ ಅಂತ ಗೋಣು ಹಾಕಿದ. ಇಬ್ಬರೂ ಚಾ ಕುಡಿಯಾಕ ಹೋದ್ರು.